ಮಗಳಿಗೊಂದು ಪತ್ರ: ರಾಕೆಟ್ ಆಮೇಲ ನೋಡೋಣು, ಮೊದಲ ಕಾಲು

ಬಂಗಾರೀ,

ವಾಯ್ಸ್ ನೋಟ್ ಕಳಸಿದ್ರ ಅರ್ಧಕ್ಕ ನಿಲ್ಲಸ್ತಿ, ಫೋನಿನ್ಯಾಗ ಹೇಳಾಕ ಹೋದ್ರ "ಮಮ್ಮಿ ಮೆಸ್ ಟೈಮ್ ಆತು" ಅಂತಿ, ಅದಕ್ಕ ಕುಂತು ಟೈಪ್ ಮಾಡಾಕತ್ತೀನಿ. ಉದ್ದ ಆಗ್ತೈತಿ, ಆರಾಮ ಮಲಕೊಂಡು ಓದು.

ನೀ ಸೋತ ಬ್ಯಾಡ್ಮಿಂಟನ್ ಮ್ಯಾಚಿನ ವಿಡಿಯೋ ಕಳಿಸಿ ಹೊಸ ರಾಕೆಟ್ ಬೇಕು ಅಂದಿದ್ದಿಯಲ್ಲ, ವಿಡಿಯೋ ನೋಡಿದ್ವಿ. ನಿಮ್ಮಪ್ಪ "ಭಾರಿ ಆಡ್ತಾಳ" ಅಂದ್ರು, ಅವರ ಮಾತು ಬಿಡು, ನೀ ಸಣ್ಣಾಕಿದ್ದಾಗ ಬಿದ್ರೂ ಭಾರಿ ಬಿದ್ಲು ಅನ್ನೋ ಮನಷ್ಯಾ. ನಾ ಸ್ಲೋ ಮಾಡಿ ನೋಡಿದೆ, ಶಟಲ್ ಬಿಟ್ಟು ಬರೇ ನಿನ್ನ ಕಾಲು. ನೀ ಹೊಡದ ಮ್ಯಾಲ ಅಲ್ಲೇ ನಿಂತು ಶಟಲ್ ಎಲ್ಲಿ ಹೋತು ಅಂತ ನೋಡ್ತಿ, ರಾಕೆಟ್ ಮೊಣಕಾಲ ಹತ್ರ ಜೋತಾಡ್ತಿರ್ತೈತಿ, ಎದುರಿನಾಕಿ ವಾಪಸ್ ಹೊಡದು ಶಟಲ್ ನೆಟ್ ದಾಟಿದ ಮ್ಯಾಲ ನಿನಗ ಎಚ್ಚರ ಆಗಿ ಓಡ್ತಿ, ಮುಟ್ಟೋದ್ರಾಗ ಅದು ಸೊಂಟದ ಕೆಳಗ ಇಳದಿರ್ತೈತಿ. ಅಲ್ಲಿಂದ ಯಾರಾದ್ರೂ ಮ್ಯಾಲ ಎತ್ತಿ ಕೊಡಬೇಕಷ್ಟ, ಬ್ಯಾರೆ ದಾರಿ ಇಲ್ಲ. ಎತ್ತಿ ಕೊಟ್ರ ಆಕಿ ಮ್ಯಾಲಿಂದ ಕೆಳಕ್ಕ ಜೋರ ಹೊಡೀತಾಳ, ಅದ ಸ್ಮ್ಯಾಷ್. "ಆಕಿ ಸ್ಮ್ಯಾಷ್ ಭಾಳ ಜೋರು, ಅದಕ್ಕ ಸೋತೆ" ಅಂದಿ, ಆದ್ರ ಆ ಸ್ಮ್ಯಾಷಿಗೆ ಶಟಲ್ ಇಟ್ಟು ಕೊಟ್ಟಾಕಿ ನೀನ.

ಅದಕ್ಕ ಹೊಸ ರಾಕೆಟ್ ಈಗ ಬ್ಯಾಡ. ನಿನ್ನ ಫ್ರೆಂಡ್ ರಾಕೆಟ್ಟಿನ ತಂತಿ 28 ಪೌಂಡ್ ಟೆನ್ಷನ್ನಿಗೆ ಬಿಗಿ ಮಾಡ್ಸ್ಯಾಳ ಅಂತ ನೀನೂ ಹಾಕಿಸಿದ್ರ ಕೈ ನೋವು ಬರ್ತೈತಿ ಅಷ್ಟ, ಅಷ್ಟು ಬಿಗಿ ತಂತಿಯಾಗ ಶಟಲ್ ನಟ್ಟ ನಡುವ ಬಡದ್ರ ಮಾತ್ರ ಹೋಗ್ತೈತಿ, ಕಲಿಯೋರಿಗೆ 20-22 ಸಾಕು. ರೊಕ್ಕ ಹಾಕೋದಿದ್ರ ಶೂಗೆ ಹಾಕು. ನೀ ಹಾಕ್ಕೊಂಡಿದ್ದು ರನ್ನಿಂಗ್ ಶೂ, ಅದರ ಹಿಮ್ಮಡಿ ಎತ್ತರ, ನೆಟ್ಟಗ ಓಡಾಕ ಚೊಲೊ, ಬಾಜೂಕ ಜಿಗದ್ರ ಪಾದ ಹೊಳ್ಳತೈತಿ. ತಳ ಗಮ್ ಸೋಲ್ ಇರೋ ನಾನ್ ಮಾರ್ಕಿಂಗ್ ಶೂ, ಅಂದ್ರ ಕೋರ್ಟಿಗೆ ಕಲೆ ಮಾಡದಂಥಾ ಶೂ ಕೇಳು.

ಈಗ ಕಾಲಿಂದು. ಸಿಂಗಲ್ಸ್‌ನ್ಯಾಗ ನಿನ್ನ ಕಡೆ ಇರೋ ಜಾಗ 22 ಅಡಿ ಉದ್ದ, 17 ಅಡಿ ಅಗಲ. ನಡುವ ನಿಂತ್ರ ಯಾವ ಮೂಲಿಗಾದ್ರೂ ಎರಡು-ಮೂರು ಹೆಜ್ಜಿ. ಅಂದ್ರ ಓಡೋ ಆಟ ಅಲ್ಲ ಇದು, ಟೈಮಿಗೆ ಸರಿಯಾಗಿ ಹೊರಡೋ ಆಟ. ಎದುರಿನಾಕಿ ರಾಕೆಟ್ ಶಟಲ್‌ಗೆ ತಾಗೋ ಹೊತ್ತಿಗೆ ನೀ ಒಂದು ಸಣ್ಣ ಜಿಗಿತ ಜಿಗಿಬೇಕು, ಎರಡೂ ಕಾಲು ಸ್ವಲ್ಪ ಅಗಲ ಮಾಡಿ, ಸ್ಪ್ಲಿಟ್ ಸ್ಟೆಪ್ ಅಂತಾರಲ್ಲ ಅದು. ನೆಲಕ್ಕ ಇಳಿಯೋದ್ರಾಗ ಯಾವ ಕಡೆ ಹೋಗ್ಬೇಕು ಅಂತ ಕಣ್ಣಿಗೆ ಕಂಡಿರ್ತೈತಿ, ಇಳದ ಕಾಲಿನ್ಯಾಗ ಹಂಗ ಹೊರಟಬಿಡ್ಬೇಕು. ನೆಟ್ ಹತ್ರ ಹೋದಾಗ ಕಡೀ ಹೆಜ್ಜಿ ಬಲಗಾಲು, ಹಿಮ್ಮಡಿ ಮೊದಲ ಊರಬೇಕು, ಹೊಡದು ಅದ ಕಾಲಿಂದ ನೆಲ ಒತ್ತಿ ಹಿಂದಕ್ಕ. ಇದನ್ನ ಶಟಲ್ ಇಲ್ದ, ಮುಂದ ಎರಡು, ಬಾಜೂಕ ಎರಡು, ಹಿಂದ ಎರಡು, ಹಿಂಗ ಆರೂ ಕಡೆ ಹೋಗಿ ಹೋಗಿ ಬರೋದು ಶ್ಯಾಡೋ ಪ್ರಾಕ್ಟೀಸ್. ಬೋರ್ ಐತಿ, ಖರೆ. ಹಾಸ್ಟೆಲ್ ಟೆರೇಸ್ ಮ್ಯಾಲ ಮಾಡು, ಯಾರಾದ್ರೂ ನಗ್ತಾರ, ನಗಲಿ.

ಹಿಡಿಯೋದರ ಬಗ್ಗೆ ಒಂದ ಮಾತು. ನೀ ರಾಕೆಟ್ಟನ್ನ ಸೊಳ್ಳಿ ಬ್ಯಾಟ್ ಹಿಡದಂಗ ಹಿಡದೀ, ಮುಖ ಎದುರಿಗೆ ತೋರಸ್ಕೊಂಡು. ನೆಟ್ ಹತ್ರ ಸೊಳ್ಳಿ ಹೊಡಿಯಾಕ ಅದು ನಡೀತೈತಿ, ಹಿಂದಿನಿಂದ ಹೊಡಿಬೇಕಂದ್ರ ಶಟಲ್ ಅರ್ಧ ಕೋರ್ಟಿಗೆ ಬೀಳ್ತೈತಿ. ಯಾರಿಗೋ ಕೈ ಕುಲುಕಿದಂಗ ಬಾಜೂಲಿಂದ ಹಿಡಿ, ಹೆಬ್ಬೆರಳು ತೋರಬೆರಳಿನ ನಡುವ ವಿ ಆಗ್ಬೇಕು, ಬ್ಯಾಕ್‌ಹ್ಯಾಂಡ್ ಬಂದಾಗ ಹೆಬ್ಬೆರಳು ಅಗಲ ಕಡೆ ಮ್ಯಾಲ ಬರ್ಬೇಕು. ಮತ್ತ ಸಡಿಲ ಹಿಡಿ, ಬಡಿಯೋ ಹೊತ್ತಿನ್ಯಾಗಷ್ಟ ಬಿಗಿ. ಎಲ್ಲಾರೂ ಮಣಿಕಟ್ಟು ಮಣಿಕಟ್ಟು ಅಂತಾರ, ಅದು ಪೂರ್ತಿ ಖರೆ ಅಲ್ಲ, ತಿರಗೋದು ಮುಂಗೈ. ಬಾಗಲದ ಗುಬುಟು ತಿರಿವಿ ನೋಡು, ತಿಳೀತೈತಿ.

ನಾವು ಗಂಗಾವತಿ ಹೈಸ್ಕೂಲಿನ್ಯಾಗ ಆಡಿದ್ದು ಬಾಲ್ ಬ್ಯಾಡ್ಮಿಂಟನ್, ಮಣ್ಣಿನ ಕೋರ್ಟ್, ಕಡಿಗೆ ಐದೈದು ಮಂದಿ, ಹಳದಿ ಉಲನ್ ಚೆಂಡು. ಆ ಚೆಂಡು ತೂಕದ್ದು, ಗಾಳಿಗೆ ಹೆದರಂಗಿಲ್ಲ. ಶಟಲ್ ಐದು ಗ್ರಾಮಿನ ಆಸುಪಾಸು, ನಮ್ಮ ಕೊಪ್ಪಳದ ಗಾಳಿಗೆ ಬಯಲಾಗ ಆಡಿದ್ರ ಕುಕನೂರಿಗೆ ಹೋಗಿ ಬೀಳ್ತೈತಿ. ನಾ ಈಗ ಮುಂಜಾನಿ ಬ್ಯಾಚಿನ್ಯಾಗ ಶಟಲ್ ಆಡಾಕ ಶುರು ಮಾಡಿದ ಮ್ಯಾಲ ಗೊತ್ತಾಗಿದ್ದು ಇನ್ನೊಂದು, ಬಿಸಿ ಗಾಳಿ ಹಗುರ ಇರ್ತೈತಿ, ಅದಕ್ಕ ಬ್ಯಾಸಗಿಯಾಗ ಇಲ್ಲಿ ಶಟಲ್ ಭಾಳ ದೂರ ಓಡ್ತೈತಿ, ಗರಿ ಒಣಗಿ ಪಟಪಟ ಮುರೀತಾವ, ಮೇಡಂ ಒಬ್ರು ಮನಿಯಾಗ ಹಬಿ ಹಿಡದು ತರ್ತಾರ. ನಿಮ್ಮ ಧಾರವಾಡದ ಮಳಿ ಥಂಡಿಯಾಗ ಅದ ಹೊಡ್ತ ಒಂದು ಮೊಳ ಮೊದಲ ಬೀಳ್ತೈತಿ. ರಜಾಕ್ಕ ಬಂದಾಗ ಇಲ್ಲಿ ಕ್ಲಿಯರ್ ಹೊಡದು ಔಟ್ ಹೋದ್ರ ಗಾಬರಿ ಆಗಬ್ಯಾಡ.

ಕ್ಲಿಯರ್ ಅಂದೆ ನೋಡು, ಸ್ಮ್ಯಾಷ್ ಬಿಟ್ಟು ಒಂದ್ ಟರ್ಮ್ ಅದನ್ನ ಹೊಡಿ. ಬಾಜೂಕ ತಿರಗಿ ನಿಂತು, ಎಡಗೈ ಮ್ಯಾಲ ಎತ್ತಿ, ಶಟಲ್ ತಲಿ ಮುಂದ ಇರೋವಾಗ ಹಿಂದಿನ ಗೆರಿತನಕ ಎತ್ತರಕ್ಕ ಹೊಡಿ. ಎದುರಿನಾಕಿ ಹಿಂದಕ್ಕ ಹೋಗ್ಬೇಕು, ನಿನಗ ನಡುವಕ್ಕ ಬರಾಕ ಟೈಮ್ ಸಿಗ್ತೈತಿ. ಸ್ಮ್ಯಾಷೂ ಇದ ಹೊಡ್ತ, ಇನ್ನೂ ಸ್ವಲ್ಪ ಮುಂದ ಬಡೀಬೇಕಷ್ಟ, ಹಿಂಗಾಗಿ ಕ್ಲಿಯರ್ ಬಂದ್ರ ಅದೂ ಬರ್ತೈತಿ. ಸರ್ವಿಸ್ ಫಾಲ್ಟ್ ಅಂತ ಸೀನಿಯರ್ ಜಗಳ ತಗದ್ಲಂತಲ್ಲ, ಸರ್ವಿಸ್ ಹೊಡೆಯುವಾಗ ಶಟಲ್ ಸೊಂಟದ ಕೆಳಗ ಇರ್ಬೇಕು ಅನ್ನೋ ಲೆಕ್ಕ ಹಳೇದು, 2018ರಿಂದ ದೊಡ್ಡ ಟೂರ್ನಮೆಂಟಿನ್ಯಾಗ ಅದು ನೆಲದಿಂದ 1.15 ಮೀಟರ್‌ಗಿಂತ ಕೆಳಗ ಐತೇನು ಅಂತ ನೋಡ್ತಾರ. ಹಾಸ್ಟೆಲ್ ಮ್ಯಾಚಿಗೆ ಅಳಿಯೋರು ಯಾರು, ಇನ್ನೊಂದ್ ಸಲ ಹಾಕು ಅಂದ್ರ ಹಾಕು.

"ಇಲ್ಲಿ ಕೋರ್ಟ್ ಸಿಗಂಗಿಲ್ಲ, ಸೀನಿಯರ್ಸೇ ತುಂಬಿರ್ತಾರ" ಅಂದಿ. ಪ್ರಕಾಶ್ ಪಡುಕೋಣೆ ಕಲತಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನ್ಯಾಗ, ಅದು ಲಗ್ನ ನಡಿಯೋ ಹಾಲು, ಯಾರದಾರ ಫಂಕ್ಷನ್ ಇದ್ರ ಆ ದಿನ ಆಟ ಇಲ್ಲ. ಅವರು 1980ರಾಗ ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ರು. ನೀ ಆಲ್ ಇಂಗ್ಲೆಂಡ್ ಗೆಲ್ಲು ಅನ್ನಾಕತ್ತಿಲ್ಲ ಮಾರಾಯ್ತಿ, ಅವರ ಆಟದಾಗ ನನಗ ಹಿಡಿಸೋದು ಬ್ಯಾರೆ, ಜೋರಿಗಿಂತ ಜಾಗ ನೋಡಿ ಇಡೋದು, ಎದುರಿನವ್ರಿಗೆ ಕಡೀತನಕ ಯಾವ ಕಡೆ ಅಂತ ಗೊತ್ತಾಗಬಾರದು ಹಂಗ. ಯೂಟ್ಯೂಬ್‌ನ್ಯಾಗ ಹಳೇ ವಿಡಿಯೋ ಅದಾವು, ರೀಲ್ಸ್ ಬದ್ಲಿ ಅದನ್ನ ನೋಡು.

ಇನ್ನ ಸೋತಾಗ ಅಳೋದು. ಅಳು, ಬ್ಯಾಡ ಅನ್ನಂಗಿಲ್ಲ, ಆದ್ರ ಸ್ಕೋರ್ ಹಿಡ್ಕೊಂಡು ಅಳಬ್ಯಾಡ. ಮುಂದಿನ ಮ್ಯಾಚಿಗೆ ಹೋಗುವಾಗ ಒಂದ ಕೆಲಸ ಇಟ್ಕೊ, ಇವತ್ತು ಪ್ರತಿ ಹೊಡ್ತ ಆದ ಮ್ಯಾಲ ನಡುವಕ್ಕ ಬರ್ತೀನಿ, ರಾಕೆಟ್ ಎದಿ ಮಟ್ಟಕ್ಕ ಇರ್ತೈತಿ, ಅಷ್ಟ. 21-9 ಸೋತ್ರೂ ಅದು ಆತಿಲ್ಲೋ ಅಂತ ವಿಡಿಯೋ ಮಾಡಿದಾಕಿನ್ನ ಕೇಳು. ಆಕಿ ಹೌದಂದ್ರ ಆ ದಿನ ಚೊಲೊ ದಿನ. ಪಾಯಿಂಟ್ ಹೋದ ಮ್ಯಾಲ ರಾಕೆಟ್ ನೆಲಕ್ಕ ಬಡಿಯೋದು ಮಾತ್ರ ನನಗ ಸೇರಂಗಿಲ್ಲ, ವಿಡಿಯೋದಾಗ ಕಂಡೈತಿ. ಮತ್ತ ನಿನಗಿಂತ ಚೊಲೊ ಆಡೋರ ಜೋಡಿ ಆಡು, ಆಡಾಕ ಕರೀಲಿಲ್ಲಂದ್ರ ನೀನ ಹೋಗಿ ಕೇಳು, ಶಟಲ್ ಡಬ್ಬಿ ಒಂದು ಕೈಯಾಗ ಇದ್ರ ಯಾರೂ ಒಲ್ಲೆ ಅನ್ನಂಗಿಲ್ಲ.

ಜನವರಿಯಾಗ ಗವಿಮಠದ ಜಾತ್ರಿಗೆ ಬರ್ತಿಯಲ್ಲ, ರಾಕೆಟ್ ತಗೊಂಡ ಬಾ, ತೇರು ಎಳದ ಮರದಿನ ನಮ್ಮ ಬ್ಯಾಚಿನ್ಯಾಗ ಆಡೋಣು, ಮೇಡಂ ಎಲ್ಲಾರೂ ನಿನ್ನ ಕಾಯಾಕತ್ತಾರ. ಶೂ ರೊಕ್ಕ ಫೋನ್‌ಪೇ ಮಾಡೀನಿ, ಹಾಕ್ಕೊಂಡು ನೋಡಿ ತಗೊ, ಆನ್‌ಲೈನ್ ಬ್ಯಾಡ, ಬಿಲ್ಲಿನ ಫೋಟೋ ಕಳಸು. ನಿಮ್ಮಪ್ಪಗ ಅರ್ಧ ರೇಟ್ ಹೇಳೀನಿ, ನೀನೂ ಅಷ್ಟ ಹೇಳು.

ನಿನ್ನ ಮಮ್ಮಿ