ಗಾರ್ಸಿಯಾ ಎಲ್ಲಿ ಹೋದರು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಲ್ಯಾಟಿನ್ ಅಮೆರಿಕದ ಕಾದಂಬರಿಗಳ ಬಗ್ಗೆ ಬಂದ ಲೇಖನವನ್ನು ಇಷ್ಟಪಟ್ಟೇ ಓದಿದೆ. ಆದರೆ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ಪೂರ್ಣ ಹೆಸರು ಮೊದಲ ಸಾಲಿನಲ್ಲಿ ಒಮ್ಮೆ ಮುಖ ತೋರಿಸಿ, ಅಲ್ಲಿಂದ ಕೊನೆಯವರೆಗೂ ಬರಿಯ ‘ಮಾರ್ಕ್ವೆಜ್’ ಆಗಿಬಿಟ್ಟಿತು. ಪಕ್ಕದ ಚೌಕಟ್ಟಿನಲ್ಲಿ ಲೇಖಕರನ್ನು ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಿತ್ತು. ಅಲ್ಲಿಯೂ ಅವರು ‘ಮ’ ಅಕ್ಷರದ ಕೆಳಗೇ ಕುಳಿತಿದ್ದರು. ಗ್ರಂಥಾಲಯದ ಸೂಚೀಕರಣ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಇಂಥದ್ದನ್ನು ನೋಡಿ ಸುಮ್ಮನಿರಲು ಬರುವುದಿಲ್ಲ. ಉಚ್ಚಾರಣೆಯ ತಕರಾರನ್ನು ಬದಿಗಿಡುತ್ತೇನೆ. ನನ್ನ ಪ್ರಶ್ನೆ ಒಂದೇ: ಗಾರ್ಸಿಯಾ ಎಲ್ಲಿ ಹೋದರು?

ಸ್ಪ್ಯಾನಿಷ್ ಪದ್ಧತಿಯಲ್ಲಿ ಒಬ್ಬರಿಗೆ ಎರಡು ಕುಲನಾಮಗಳಿರುತ್ತವೆ. ಮೊದಲನೆಯದು ರೂಢಿಯಂತೆ ತಂದೆಯದು, ಎರಡನೆಯದು ತಾಯಿಯದು. ಈ ಕಾದಂಬರಿಕಾರರ ತಂದೆ ಗೇಬ್ರಿಯಲ್ ಎಲಿಹಿಯೊ ಗಾರ್ಸಿಯಾ, ತಾಯಿ ಲೂಯಿಸಾ ಸಾಂತಿಯಾಗಾ ಮಾರ್ಕೆಸ್. ಒಂದನ್ನು ಬಿಡಲೇಬೇಕಾದರೆ ಸಾಮಾನ್ಯವಾಗಿ ಬಿಡುವುದು ಎರಡನೆಯದನ್ನು. ಕ್ಯೂಬಾದ ನಾಯಕನ ಪೂರ್ಣ ಹೆಸರು ಫಿಡೆಲ್ ಕಾಸ್ಟ್ರೊ ರುಸ್. ಅವರನ್ನು ನಿಮ್ಮ ಪತ್ರಿಕೆ ‘ರುಸ್’ ಎಂದು ಎಂದಾದರೂ ಕರೆದಿದೆಯೇ? ಇಲ್ಲ. ಹಾಗಾದರೆ ಕೊನೆಯ ಪದವೇ ಮನೆತನದ ಹೆಸರು ಎಂಬ ನಿಯಮವನ್ನು ಕಾದಂಬರಿಕಾರರ ಮೇಲೆ ಮಾತ್ರ ಏಕೆ ಹೇರಬೇಕು?

ಅನುಮಾನವಿದ್ದರೆ ಮನೆಯವರ ಹೆಸರು ನೋಡಿ. ಅವರ ಮಗ, ಚಿತ್ರ ನಿರ್ದೇಶಕ, ರೊಡ್ರಿಗೊ ಗಾರ್ಸಿಯಾ. ‘ರೊಡ್ರಿಗೊ ಮಾರ್ಕೆಸ್’ ಅಲ್ಲ. ಹೆಂಡತಿ ಮದುವೆಯ ನಂತರವೂ ಮೆರ್ಸೆದೆಸ್ ಬಾರ್ಚಾ ಆಗಿಯೇ ಉಳಿದರು, ಏಕೆಂದರೆ ಆ ಪದ್ಧತಿಯಲ್ಲಿ ಹೆಣ್ಣು ತವರಿನ ಹೆಸರನ್ನು ಬಿಟ್ಟುಕೊಡುವುದಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಗೇಬ್ರಿಯಲ್ ಎಲಿಹಿಯೊ ವಿವಾಹಬಾಹಿರವಾಗಿ ಹುಟ್ಟಿದವರು. ಅವರ ತಂದೆಯ ಕುಲನಾಮ ಮಾರ್ಟಿನೆಸ್. ಗಾರ್ಸಿಯಾ ಎಂಬುದು ತಾಯಿ ಆರ್ಹೆಮಿರಾ ಗಾರ್ಸಿಯಾ ಅವರಿಂದ ಬಂದದ್ದು. ಅಂದರೆ ನೀವು ಕತ್ತರಿಸಿ ಎಸೆದದ್ದು ಒಬ್ಬ ಅಜ್ಜಿಯ ಹೆಸರನ್ನು.

ಆ ಹೆಸರು ಕಡೆಗಣಿಸುವಂಥದ್ದೂ ಅಲ್ಲ. ಇಂದು ಸ್ಪೇನ್‌ನಲ್ಲಿ ಅತಿ ಹೆಚ್ಚು ಜನ ಹೊತ್ತಿರುವ ಕುಲನಾಮ ಗಾರ್ಸಿಯಾ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಲೆಕ್ಕದಲ್ಲಿ 14 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಮೊದಲ ಕುಲನಾಮ. ತಂದೆಯೂ ಗಾರ್ಸಿಯಾ, ತಾಯಿಯೂ ಗಾರ್ಸಿಯಾ ಆಗಿ, ಮಕ್ಕಳು ‘ಗಾರ್ಸಿಯಾ ಗಾರ್ಸಿಯಾ’ ಎಂದು ಸಹಿ ಹಾಕುವ ಮನೆಗಳೂ ಧಾರಾಳವಾಗಿವೆ. ಅಮೆರಿಕದ 2010ರ ಜನಗಣತಿಯಲ್ಲಿ ಸ್ಮಿತ್, ಜಾನ್ಸನ್, ವಿಲಿಯಮ್ಸ್, ಬ್ರೌನ್, ಜೋನ್ಸ್ ಆದ ಮೇಲೆ ಆರನೆಯ ಸ್ಥಾನದಲ್ಲಿದ್ದದ್ದು ಇದೇ ಗಾರ್ಸಿಯಾ. ಫಿಲಿಪ್ಪೀನ್ಸ್‌ನ ಅಧ್ಯಕ್ಷರಲ್ಲಿಯೂ ಒಬ್ಬ ಗಾರ್ಸಿಯಾ ಆಗಿಹೋಗಿದ್ದಾರೆ, 1957ರಿಂದ 1961ರವರೆಗೆ. ಹಾಗೆಂದು ಇವರೆಲ್ಲರೂ ಒಂದೇ ವಂಶದವರು ಎಂದಲ್ಲ. ಫಿಲಿಪ್ಪೀನ್ಸ್‌ನಲ್ಲಿ 1849ರಲ್ಲಿ ಸ್ಪ್ಯಾನಿಷ್ ಗವರ್ನರ್ ಜನರಲ್ ಕ್ಲಾವೆರಿಯಾ ತೆರಿಗೆ ಮತ್ತು ದಾಖಲೆಗಳ ಅನುಕೂಲಕ್ಕಾಗಿ ಕುಲನಾಮಗಳ ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿ ಊರೂರಿಗೆ ಹಂಚಿಸಿದ. ಕೆಲವು ಊರುಗಳಲ್ಲಿ ಹೆಚ್ಚಿನವರ ಹೆಸರು ಒಂದೇ ಅಕ್ಷರದಿಂದ ಶುರುವಾಗುವುದು ಆ ಹಂಚಿಕೆಯ ಫಲ. ಸೂಚೀಕಾರನಾಗಿ ನನಗೆ ಆ ಅಧಿಕಾರಿಯ ಮೇಲೆ ಸ್ವಲ್ಪ ಅಸೂಯೆಯಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಮೂಲದಲ್ಲಿ ಗಾರ್ಸಿಯಾ ಕುಲನಾಮವೇ ಅಲ್ಲ, ಗಂಡುಮಕ್ಕಳಿಗೆ ಇಡುತ್ತಿದ್ದ ಹೆಸರು. ಮಧ್ಯಯುಗದ ಲ್ಯಾಟಿನ್ ದಾಖಲೆಗಳಲ್ಲಿ ‘ಗಾರ್ಸೆಯಾ’ ಎಂದು ಸಿಗುತ್ತದೆ. ಹುಟ್ಟಿದ್ದು ಪಿರನೀಸ್ ಬೆಟ್ಟಸಾಲಿನ ಬಾಸ್ಕ್ ಸೀಮೆಯಲ್ಲಿ ಎಂಬುದು ಬಹುತೇಕ ವಿದ್ವಾಂಸರ ಮತ. ಅರ್ಥದ ವಿಷಯದಲ್ಲಿ ಮಾತ್ರ ಜಗಳ ಮುಗಿದಿಲ್ಲ. ಬಾಸ್ಕ್ ಭಾಷೆಯಲ್ಲಿ ಕರಡಿಗೆ ‘ಹಾರ್ಟ್ಸ್’ ಎನ್ನುತ್ತಾರೆ, ಅದರಿಂದಲೇ ಬಂತು ಎನ್ನುವವರು ಒಂದು ಕಡೆ. ‘ಎಳೆಯ, ತರುಣ’ ಎಂಬರ್ಥದ ‘ಗಾಸ್ಟೆ’ಯಿಂದ ಬಂತು ಎನ್ನುವವರು ಇನ್ನೊಂದು ಕಡೆ. ನನ್ನ ಒಲವು ಕರಡಿಯ ಕಡೆಗೆ. ಆ ಸೀಮೆಯಲ್ಲಿ ಮಕ್ಕಳಿಗೆ ಕಾಡುಪ್ರಾಣಿಗಳ ಹೆಸರಿಡುವುದು ಇತ್ತು. 1959ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಸೆವೆರೊ ಒಚೊವಾ ಅವರ ಕುಲನಾಮ ಬಾಸ್ಕ್ ಭಾಷೆಯ ತೋಳ. ಅಂತರ್ಜಾಲದಲ್ಲಿ ಗಾರ್ಸಿಯಾಕ್ಕೆ ‘ಯುದ್ಧವೀರ’ ಎಂದು ಅರ್ಥ ಕೊಟ್ಟು, ಅದೇ ಹೆಸರಿನಲ್ಲಿ ವಂಶಲಾಂಛನದ ಫಲಕ ಮಾರುವವರೂ ಇದ್ದಾರೆ. ಲಾಂಛನ ದೊರೆಯುತ್ತಿದ್ದುದು ಒಬ್ಬ ವ್ಯಕ್ತಿಗೆ ಅಥವಾ ಒಂದು ಮನೆತನಕ್ಕೆ. ಒಂದೇ ಹೆಸರಿನ ಲಕ್ಷಾಂತರ ಜನರಿಗೆ ಒಂದೇ ಲಾಂಛನ ಎಂಬುದು ಬರಿಯ ವ್ಯಾಪಾರ.

ಈ ಹೆಸರು ಇಷ್ಟು ಹಬ್ಬಿದ್ದು ಹೇಗೆ ಎಂಬುದಕ್ಕೆ ಉತ್ತರ ಸ್ಪೇನ್‌ನ ಪಾಂಪ್ಲೋನಾದ ರಾಜರ ವಂಶಾವಳಿಯನ್ನೊಮ್ಮೆ ಓದಬೇಕು. ಆಗ ಮಗನ ಹೆಸರಿನ ಮುಂದೆ ತಂದೆಯ ಹೆಸರಿಗೆ ‘ಎಸ್’ ಎಂಬ ಬಾಲ ಹಚ್ಚಿ ಸೇರಿಸುತ್ತಿದ್ದರು. ಸಾಂಚೊನ ಮಗ ಸಾಂಚೆಸ್, ಗಾರ್ಸಿಯಾನ ಮಗ ಗಾರ್ಸೆಸ್. 905ರಲ್ಲಿ ಪಟ್ಟಕ್ಕೆ ಬಂದವನು ಸಾಂಚೊ ಗಾರ್ಸೆಸ್. ಅವನ ಮಗ ಗಾರ್ಸಿಯಾ ಸಾಂಚೆಸ್. ಅವನ ಮಗ ಮತ್ತೆ ಸಾಂಚೊ ಗಾರ್ಸೆಸ್, ಅವನ ಮಗ ಮತ್ತೆ ಗಾರ್ಸಿಯಾ ಸಾಂಚೆಸ್. ಹೀಗೆ ಏಳು ತಲೆಮಾರು, 1076ರಲ್ಲಿ ಕೊನೆಯ ಸಾಂಚೊ ಗಾರ್ಸೆಸ್‌ನನ್ನು ಒಡಹುಟ್ಟಿದವರೇ ಸಂಚು ಹೂಡಿ ಬಂಡೆಯ ಮೇಲಿಂದ ಕೆಳಗೆ ನೂಕಿಸುವವರೆಗೆ! ರಾಜರ ಹೆಸರನ್ನು ಪ್ರಜೆಗಳು ಮಕ್ಕಳಿಗೆ ಇಟ್ಟರು. ಮುಂದೆ ಕುಲನಾಮಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಇಳಿಯತೊಡಗಿದಾಗ ಗಾರ್ಸೆಸ್ ಹಿಂದೆ ಬಿದ್ದು, ಬಾಲವಿಲ್ಲದ ಗಾರ್ಸಿಯಾ ಗೆದ್ದಿತು. ರೊಡ್ರಿಗೆಸ್, ಫರ್ನಾಂಡೆಸ್, ಲೋಪೆಸ್, ಪೆರೆಸ್ ಎಲ್ಲವೂ ಬಾಲ ಹೊತ್ತೇ ನಡೆದವು. ವ್ಯಕ್ತಿನಾಮವಾಗಿ ಗಾರ್ಸಿಯಾದ ಬಳಕೆ ಹದಿನಾರನೆಯ ಶತಮಾನದಲ್ಲಿಯೂ ಇತ್ತು. ಗೋವಾದಲ್ಲಿದ್ದುಕೊಂಡು 1563ರಲ್ಲಿ ಔಷಧ ಸಸ್ಯಗಳ ಮೇಲೆ ಗ್ರಂಥ ಅಚ್ಚು ಹಾಕಿಸಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾನಿಗೆ ಗಾರ್ಸಿಯಾ ಎಂಬುದು ಸ್ವಂತ ಹೆಸರು.

ಇಲ್ಲಿ ನಿಮ್ಮ ಉಪಸಂಪಾದಕರು ‘ಲೋರ್ಕಾನನ್ನು ಸ್ಪೇನ್‌ನವರೇ ಲೋರ್ಕಾ ಎನ್ನುತ್ತಾರಲ್ಲ’ ಎಂದು ನನ್ನ ಬಾಯಿ ಮುಚ್ಚಿಸಬಹುದು. ನಿಜ. 1936ರಲ್ಲಿ ಕೊಲೆಯಾದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಅವರಿಗೆ ತಾಯಿಯ ಕುಲನಾಮವೇ ಅಂಟಿಕೊಂಡಿತು. ಮೊದಲ ಕುಲನಾಮ ಸಂತೆಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುವಂಥದ್ದಾದರೆ ಅಪರೂಪದ ಎರಡನೆಯದು ಮೇಲೆ ಬರುತ್ತದೆ. ಪಾಬ್ಲೊ ರುಯಿಸ್ ಪಿಕಾಸೊ ತಂದೆಯ ರುಯಿಸ್ ಅನ್ನು ತಾನೇ ಕೈಬಿಟ್ಟ. 2004ರಿಂದ 2011ರವರೆಗೆ ಸ್ಪೇನ್‌ನ ಪ್ರಧಾನಿಯಾಗಿದ್ದ ಹೊಸೆ ಲೂಯಿಸ್ ರೊಡ್ರಿಗೆಸ್ ಜಪಾತೆರೊ ಎಲ್ಲರ ಬಾಯಲ್ಲಿ ಜಪಾತೆರೊ. ನಿಮ್ಮ ಕ್ರೀಡಾಪುಟದಲ್ಲಿ ದಿನವೂ ಓಡಾಡುವ ಫುಟ್‌ಬಾಲ್ ಆಟಗಾರ ರೊಡ್ರಿಯ ಕುಲನಾಮ ಎರ್ನಾಂಡೆಸ್. ಹಿಂದಿನ ತಲೆಮಾರಿನ ಚಾವಿಯದೂ ಅದೇ. ಇಬ್ಬರೂ ಕುಲನಾಮವನ್ನು ಮನೆಯಲ್ಲಿಟ್ಟು ಮೊಟಕು ಹೆಸರಿನಲ್ಲಿ ಮೈದಾನಕ್ಕೆ ಇಳಿದವರು. ಆದರೆ ಇವೆಲ್ಲ ಆಯಾ ವ್ಯಕ್ತಿಯೋ ಅವರ ಜನರೋ ರೂಢಿಗೆ ತಂದವು. ಸ್ಪ್ಯಾನಿಷ್ ಪತ್ರಿಕೆಗಳಲ್ಲಿ ನಮ್ಮ ಕಾದಂಬರಿಕಾರ ‘ಗಾರ್ಸಿಯಾ ಮಾರ್ಕೆಸ್’, ಅಕ್ಕರೆಗೆ ‘ಗಾಬೊ’. ಬರಿಯ ಮಾರ್ಕೆಸ್ ಎಂಬುದು ಇಂಗ್ಲಿಷ್ ಓದುವವರಿಂದ ನಮಗೆ ಬಂದ ಬಳುವಳಿ.

ತಂದೆಯದೇ ಮೊದಲು ಎಂಬ ಕಟ್ಟಳೆ ಈಗ ಸ್ಪೇನ್‌ನಲ್ಲಿಯೂ ಸಡಿಲವಾಗಿದೆ. 1999ರ ಕಾನೂನು ಕ್ರಮವನ್ನು ಬದಲಿಸಲು ತಂದೆತಾಯಿಗೆ ಅವಕಾಶ ಕೊಟ್ಟಿತು. 2017ರಿಂದ ತಂದೆಯ ಹೆಸರಿಗೆ ತಾನಾಗಿ ಸಿಗುತ್ತಿದ್ದ ಆದ್ಯತೆಯೂ ಹೋಯಿತು. ಮಗುವನ್ನು ನೋಂದಾಯಿಸುವಾಗ ಇಬ್ಬರೂ ಒಪ್ಪಿ ಬರೆಸಬೇಕು, ಒಪ್ಪದಿದ್ದರೆ ಮಗುವಿನ ಹಿತ ನೋಡಿ ನೋಂದಣಿ ಅಧಿಕಾರಿ ತೀರ್ಮಾನಿಸುತ್ತಾರೆ. ಹಾಗಾಗಿ ಮುಂದಿನ ತಲೆಮಾರಿನ ಲೇಖಕರ ವಿಷಯದಲ್ಲಿ ಯಾವುದು ತಂದೆಯದು, ಯಾವುದು ತಾಯಿಯದು ಎಂದು ಹೆಸರು ನೋಡಿ ಊಹಿಸಲು ಹೋಗಬೇಡಿ. ಬರೆದ ಕ್ರಮವನ್ನು ಹಾಗೆಯೇ ಇಟ್ಟರೆ ಸಾಕು.

ಎರಡು ಕುಲನಾಮ ಬಳಸುವವರಿಗೆ ಎರಡನ್ನೂ ಕೊಡಿ: ಗಾರ್ಸಿಯಾ ಮಾರ್ಕೆಸ್, ವರ್ಗಾಸ್ ಲೋಸಾ. ಶೀರ್ಷಿಕೆಯಲ್ಲಿ ಜಾಗ ಸಾಲದಿದ್ದರೆ ಗಾಬೊ ಎನ್ನಿ, ಅದು ಎರಡೇ ಅಕ್ಷರ. ಪಟ್ಟಿ ಮಾಡುವಾಗ ಮೊದಲನೆಯವರನ್ನು ‘ಗ’ದ ಕೆಳಗೆ, ಎರಡನೆಯವರನ್ನು ‘ವ’ದ ಕೆಳಗೆ ಇಡಿ. ಆ ಚೌಕಟ್ಟನ್ನು ತಿದ್ದಿ ಮತ್ತೊಮ್ಮೆ ಪ್ರಕಟಿಸುವುದಾದರೆ ಲೋರ್ಕಾ ಅವರನ್ನೂ ಗಾರ್ಸಿಯಾ ಲೋರ್ಕಾ ಎಂದು ‘ಗ’ದಲ್ಲಿಯೇ ಸೇರಿಸಿ, ‘ಲ’ದಲ್ಲಿ ‘ನೋಡಿ: ಗಾರ್ಸಿಯಾ ಲೋರ್ಕಾ’ ಎಂದೊಂದು ಸಾಲು ಹಾಕಿ. ಗ್ರಂಥಾಲಯಗಳಲ್ಲಿ ನಾವು ಮಾಡುವುದು ಹಾಗೆಯೇ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಸೂಚೀಕಾರ