ಮೊದಲು ತಂತಿ, ಆಮೇಲೆ ಜನ: ಅಮೆರಿಕದ ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವ ಶಾನ್ ಡಫಿ ಅವರಿಗೆ ನಮಸ್ಕಾರ.

ನಾನು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಯಾಕೆಂದರೆ, ಇದು ಇಲ್ಲಿನ ಕನ್ನಡದವರ ಮನೆಮನೆಗೂ ಸೇರಿದ ವಿಷಯ. ಎಡಿಸನ್, ಐಸೆಲಿನ್ ಸುತ್ತಮುತ್ತ ಇರುವ ನಮ್ಮವರು ಊರಿಗೆ ಹೊರಟರೆ ಜಾಸ್ತಿ ಜನ ವಿಮಾನ ಹತ್ತುವುದು ನೆವಾರ್ಕ್‌ನಲ್ಲಿ. ದೆಹಲಿ ಮೇಲೆ ಹೋಗಲಿ, ಮುಂಬೈ ಮೇಲೆ ಹೋಗಲಿ, ಫ್ರಾಂಕ್‌ಫರ್ಟ್ ಮೇಲೆ ಹೋಗಲಿ, ಹೊರಡುವುದು ಅಲ್ಲಿಂದಲೇ. ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡುವುದಕ್ಕೆ ಅಂತ ಬರುವ ಅಪ್ಪ ಅಮ್ಮಂದಿರು ಇಳಿಯುವುದೂ ಅಲ್ಲೇ. ಹಾಗಾಗಿ ನೆವಾರ್ಕ್‌ನ ಆಕಾಶವನ್ನು ಯಾರು ಕಾಯುತ್ತಾರೆ, ಎಲ್ಲಿ ಕೂತು ಕಾಯುತ್ತಾರೆ ಅನ್ನೋದು ನಮಗೆ ದೂರದ ಸುದ್ದಿಯಲ್ಲ.

ಓದುವವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾನ ನಿಲ್ದಾಣದ ಟವರ್‌ನಲ್ಲಿ ಇರುವವರು ನೋಡಿಕೊಳ್ಳುವುದು ರನ್‌ವೇ ಮತ್ತು ಅದರ ಹತ್ತಿರದ ಆಕಾಶವನ್ನು ಮಾತ್ರ. ಅದರಾಚೆ ಹತ್ತಾರು ಮೈಲಿಗಳ ತನಕ ಇಳಿಯುವ, ಏರುವ ವಿಮಾನಗಳನ್ನು ಸಾಲಾಗಿ ಜೋಡಿಸುವ ಕಂಟ್ರೋಲರ್‌ಗಳು ಬೇರೆ. ಅವರು ಕಿಟಕಿ ಇಲ್ಲದ ಕೋಣೆಯಲ್ಲಿ ರೇಡಾರ್ ಪರದೆ ಮುಂದೆ ಕೂತಿರುತ್ತಾರೆ. ಆ ಕೇಂದ್ರಕ್ಕೆ ಟ್ರೇಕಾನ್ ಅನ್ನುತ್ತಾರೆ. ನೆವಾರ್ಕ್‌ನ ಈ ಕೆಲಸ ಬಹಳ ವರ್ಷ ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿರುವ ವೆಸ್ಟ್‌ಬರಿ ಕೇಂದ್ರದಲ್ಲಿ ನಡೆಯುತ್ತಿತ್ತು. ಜೆಎಫ್‌ಕೆ ಮತ್ತು ಲಗಾರ್ಡಿಯಾ ನೋಡಿಕೊಳ್ಳುವವರೂ ಅದೇ ಸೂರಿನಡಿ ಇದ್ದರು. ಮೂರೂ ನಿಲ್ದಾಣಗಳ ದಾರಿಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ಹೋಗುತ್ತವೆ. ಇಂಥ ಕಡೆ ಹತ್ತಿರ ಕೂತು ಕೆಲಸ ಮಾಡುವವರ ಮಧ್ಯೆ ಬೆಳೆದ ಹೊಂದಾಣಿಕೆಗೆ ಬೆಲೆ ಕಟ್ಟಲಾಗದು.

2024ರ ಜುಲೈ 28ರಂದು, ದೇಶದ ವಿಮಾನಯಾನ ನೋಡಿಕೊಳ್ಳುವ ನಿಮ್ಮ ಇಲಾಖೆಯ ಸಂಸ್ಥೆ ಎಫ್‌ಎಎ, ನೆವಾರ್ಕ್‌ನ ಭಾಗವನ್ನು ಅಲ್ಲಿಂದ ಕಿತ್ತು ಫಿಲಡೆಲ್ಫಿಯಾಕ್ಕೆ ಸಾಗಿಸಿತು. ಆಗ ನೀವು ಸಚಿವರಾಗಿರಲಿಲ್ಲ, ಅದು ಗೊತ್ತು. ಕೊಟ್ಟ ಕಾರಣ ಸಿಬ್ಬಂದಿ ಕೊರತೆ. ಅದು ಸುಳ್ಳೇನಲ್ಲ. ನಿಮ್ಮ ಇಲಾಖೆಯ ಕೆಲಸವನ್ನು ತಪಾಸಣೆ ಮಾಡುವ ಅಧಿಕಾರಿ, ಅಂದರೆ ಇನ್‌ಸ್ಪೆಕ್ಟರ್ ಜನರಲ್, 2023ರಲ್ಲಿ ಕೊಟ್ಟ ವರದಿಯಲ್ಲೇ ಇದೆ: ನ್ಯೂಯಾರ್ಕ್ ಟ್ರೇಕಾನ್‌ನಲ್ಲಿ ಇರಬೇಕಾದವರಲ್ಲಿ ಶೇ. 54ರಷ್ಟು ಜನ ಮಾತ್ರ ಇದ್ದರು. ಲಾಂಗ್ ಐಲೆಂಡ್‌ನಲ್ಲಿ ಬದುಕುವುದು ದುಬಾರಿ. ಹೊಸಬರು ಸಿಗುವುದು ಕಷ್ಟ, ಸಿಕ್ಕವರು ತರಬೇತಿಯಲ್ಲಿ ಪಾಸಾಗುವುದು ಇನ್ನೂ ಕಷ್ಟ. ಫಿಲಡೆಲ್ಫಿಯಾದಲ್ಲಾದರೆ ಜನ ಸಿಗುತ್ತಾರೆ ಅನ್ನುವುದು ಲೆಕ್ಕ. ಆದರೆ ಆ ಕೆಲಸ ಗೊತ್ತಿದ್ದವರಿಗೆ ಹೋಗಲು ಇಷ್ಟವಿರಲಿಲ್ಲ. ಮನೆ, ಮಕ್ಕಳ ಸ್ಕೂಲು, ವಯಸ್ಸಾದ ತಂದೆ ತಾಯಿ ಎಲ್ಲವೂ ಲಾಂಗ್ ಐಲೆಂಡ್‌ನಲ್ಲಿ. 1 ಲಕ್ಷ ಡಾಲರ್‌ವರೆಗೆ ಪ್ರೋತ್ಸಾಹಧನ ಇಟ್ಟರೂ ಬೇಕಾದಷ್ಟು ಜನ ಒಪ್ಪಲಿಲ್ಲ. ಕೊನೆಗೆ ಕೆಲವರನ್ನು ಆದೇಶ ಹೊರಡಿಸಿಯೇ ಕಳಿಸಲಾಯಿತು. ಕಂಟ್ರೋಲರ್‌ಗಳು ವಿರೋಧಿಸಿದರು, ನ್ಯೂಯಾರ್ಕ್‌ನ ಜನಪ್ರತಿನಿಧಿಗಳು ವಿರೋಧಿಸಿದರು. ಯಾರ ಮಾತೂ ನಡೆಯಲಿಲ್ಲ.

ಇಷ್ಟೇ ಆಗಿದ್ದರೆ ಇದು ವರ್ಗಾವಣೆಯ ಜಗಳ ಅಂತ ಬಿಡಬಹುದಿತ್ತು. ನನ್ನನ್ನು ಕಾಡುವುದು ಇದರ ಇನ್ನೊಂದು ಭಾಗ. ಕೂರುವ ಜನರನ್ನು ಸಾಗಿಸಿದರು, ಅವರು ನೋಡುವ ರೇಡಾರ್ ಮಾಹಿತಿಯ ಮೂಲವನ್ನು ನ್ಯೂಯಾರ್ಕ್‌ನಲ್ಲೇ ಬಿಟ್ಟರು. ಆ ಮಾಹಿತಿ ನೂರು ಮೈಲಿಗೂ ಜಾಸ್ತಿ ದೂರ ಟೆಲಿಕಾಂ ಲೈನ್‌ಗಳಲ್ಲಿ ಹರಿದು ಫಿಲಡೆಲ್ಫಿಯಾದ ಪರದೆಗಳನ್ನು ತಲುಪಬೇಕಿತ್ತು. ಆ ದಾರಿಯಲ್ಲಿ ಇನ್ನೂ ಹಳೆಯ ತಾಮ್ರದ ತಂತಿಗಳಿದ್ದವು. ಹೊಸ ಮನೆಗೆ ಸಂಸಾರ ಸಾಗಿಸಿ, ಕುಡಿಯುವ ನೀರಿಗೆ ಮಾತ್ರ ಹಳೆ ಮನೆಯ ಬಾವಿಯಿಂದ ಊರಾಚೆಗೆ ಪೈಪು ಎಳೆದ ಹಾಗೆ. ಪೈಪು ಒಡೆದರೆ ಏನು ಗತಿ ಅಂತ ಯಾರೂ ಕೇಳಲಿಲ್ಲವೇ? ಕೇಳಿದ್ದರೆ ಏನು ಉತ್ತರ ಬಂತು?

2025ರ ಏಪ್ರಿಲ್ 28ರ ಮಧ್ಯಾಹ್ನ ಆ ಪೈಪು ಒಡೆಯಿತು. ಫಿಲಡೆಲ್ಫಿಯಾದಲ್ಲಿ ಪರದೆಗಳು ಖಾಲಿಯಾದವು, ರೇಡಿಯೋ ಸಂಪರ್ಕ ಕಡಿಯಿತು. ಸುಮಾರು 90 ಸೆಕೆಂಡು. ಕೇಳುವುದಕ್ಕೆ ಚಿಕ್ಕದು ಅನಿಸುತ್ತದೆ, ಅಲ್ವಾ? 10,000 ಅಡಿಗಿಂತ ಕೆಳಗೆ ವಿಮಾನದ ವೇಗಕ್ಕೆ 250 ನಾಟ್ ಮಿತಿ ಇದೆ. ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. ಆ ವೇಗದಲ್ಲಿ 90 ಸೆಕೆಂಡಿಗೆ ವಿಮಾನ 11 ಕಿಲೋಮೀಟರ್‌ಗಿಂತ ಜಾಸ್ತಿ ಸಾಗುತ್ತದೆ. ಆದರೆ ಟ್ರೇಕಾನ್‌ನವರು ಒಂದೇ ಎತ್ತರದಲ್ಲಿರುವ ಎರಡು ವಿಮಾನಗಳ ಮಧ್ಯೆ ಸಾಮಾನ್ಯವಾಗಿ ಕಾಯುವ ಅಂತರ 3 ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿಲೋಮೀಟರ್. ಕಣ್ಣು ಕಾಣದೆ, ಮಾತು ತಲುಪದೆ ಕೂತಿದ್ದ ಆ ಹೊತ್ತಿನಲ್ಲಿ ಕಂಟ್ರೋಲರ್‌ಗಳ ಮನಸ್ಸಿನಲ್ಲಿ ಓಡುತ್ತಿದ್ದದ್ದು ಈ ಲೆಕ್ಕವೇ ಇರಬೇಕು.

ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಸಾಧನ ಇದೆ, ಪೈಲಟ್‌ಗಳು ನುರಿತವರು, ನೆವಾರ್ಕ್ ಟವರ್ ಕೆಲಸ ಮಾಡುತ್ತಲೇ ಇತ್ತು. ಅವಘಡ ಆಗಲಿಲ್ಲ. ಆದರೆ ಹನ್ನೊಂದು ದಿನ ಬಿಟ್ಟು, ಮೇ 9ರ ನಸುಕಿನಲ್ಲಿ, ಅದೇ ಕೇಂದ್ರದಲ್ಲಿ ಮತ್ತೆ ಸುಮಾರು 90 ಸೆಕೆಂಡು ಪರದೆ ಹೋಯಿತು. ಒಂದು ಸಲ ಆದದ್ದು ಹನ್ನೊಂದು ದಿನದಲ್ಲಿ ಮತ್ತೆ ಆಯಿತು ಅಂದಮೇಲೆ ಆಕಸ್ಮಿಕ ಅಂತ ಹೇಗೆ ಒಪ್ಪುವುದು?

ಆ ವಾರಗಳಲ್ಲಿ ನೂರಾರು ವಿಮಾನ ರದ್ದಾದವು. ನೆವಾರ್ಕ್‌ನ ಒಂದು ರನ್‌ವೇ ರಿಪೇರಿಗೆ ಅಂತ ಮುಚ್ಚಿದ್ದೂ ಸೇರಿಕೊಂಡಿತು. ನನ್ನ ಪರಿಚಯದ ಮನೆಗಳಲ್ಲಿ ಎಲ್ಲರ ಫೋನಿನಲ್ಲೂ ಅದೇ ಮಾತು. ಸಕ್ಕರೆ ಕಾಯಿಲೆ ಇರುವ ಅಮ್ಮ ಮಧ್ಯದ ಯಾವುದೋ ನಿಲ್ದಾಣದಲ್ಲಿ ಸಿಕ್ಕಿಕೊಂಡಿದ್ದಾರೆ, ಅವರಿಗೆ ಇಂಗ್ಲಿಷ್ ಬಾರದು, ಕೌಂಟರ್‌ನಲ್ಲಿ ಏನು ಹೇಳುತ್ತಿದ್ದಾರೋ ತಿಳಿಯುತ್ತಿಲ್ಲ. ಇಂಥ ಫೋನುಗಳು.

ಕಂಟ್ರೋಲರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಏಪ್ರಿಲ್ 28ರ ಬಳಿಕ ಅವರಲ್ಲಿ ಕೆಲವರು ಕಾನೂನು ಕೊಟ್ಟಿರುವ ರಜೆ ತೆಗೆದುಕೊಂಡರು, ಆಘಾತಕ್ಕೆ ಒಳಗಾದವರಿಗೆ ಅಂತ ಇರುವ ರಜೆ. ಯುನೈಟೆಡ್ ಏರ್‌ಲೈನ್ಸ್ ಮುಖ್ಯಸ್ಥ ಸ್ಕಾಟ್ ಕರ್ಬಿ ಮೇ 2ರಂದು ಗ್ರಾಹಕರಿಗೆ ಬರೆದ ಪತ್ರದಲ್ಲಿ, ಐದರಲ್ಲಿ ಒಬ್ಬರಿಗಿಂತ ಹೆಚ್ಚು ಕಂಟ್ರೋಲರ್‌ಗಳು ಕೆಲಸ ಬಿಟ್ಟು ಎದ್ದು ಹೋದರು ಅನ್ನುವ ಅರ್ಥದಲ್ಲಿ ಬರೆದರು. ಕಂಟ್ರೋಲರ್‌ಗಳ ಸಂಘ ಅದನ್ನು ಅಲ್ಲಗಳೆಯಿತು. ನಾನು ಸಂಘದ ಕಡೆ ನಿಲ್ಲುತ್ತೇನೆ. ನೂರಾರು ಜೀವ ಕೈಯಲ್ಲಿದ್ದಾಗ ಪರದೆ ಖಾಲಿಯಾದರೆ, ಮರುದಿನ ಅದೇ ಕುರ್ಚಿಯಲ್ಲಿ ಕೂರಲು ಕೈ ನಡುಗುವುದು ಮನುಷ್ಯ ಸಹಜ. ನಡುಗುವ ಕೈಯಿಂದ ನಮ್ಮ ವಿಮಾನ ಇಳಿಸುವುದು ಬೇಡ. ಅವರು ರಜೆ ಹಾಕಿದ್ದು ಜವಾಬ್ದಾರಿಯ ಕೆಲಸ.

ಇನ್ನು ನಿಮ್ಮ ವಿಷಯ. ಈ ಸ್ಥಳಾಂತರ ಹಿಂದಿನ ಸರ್ಕಾರ ಮಾಡಿದ ಎಡವಟ್ಟು ಅಂತ ನೀವು ಹಲವು ಸಲ ಹೇಳಿದಿರಿ. ಇರಬಹುದು. ಆಮೇಲೆ ನೀವು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳುತ್ತೇನೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ ಹೊಸ ಫೈಬರ್ ಲೈನ್‌ಗಳು ಬಂದವು. ಬದಲಿ ವ್ಯವಸ್ಥೆ ಬಂತು. ನೆವಾರ್ಕ್‌ಗೆ ಗಂಟೆಗೆ ಇಷ್ಟೇ ವಿಮಾನ ಅಂತ ಮಿತಿ ಹಾಕಿದಿರಿ: ರನ್‌ವೇ ಕೆಲಸ ಮುಗಿಯುವ ತನಕ 28 ಇಳಿಯಲಿ, 28 ಏರಲಿ, ಆಮೇಲೆ 34 ಮತ್ತು 34. ವಿಮಾನ ಕಂಪನಿಗಳಿಗೆ ಅದು ಹಿಡಿಸದಿದ್ದರೂ ಸರಿಯಾದ ತೀರ್ಮಾನ. ಫಿಲಡೆಲ್ಫಿಯಾಕ್ಕೇ ಸ್ವಂತ ರೇಡಾರ್ ಮಾಹಿತಿ ಕೇಂದ್ರ ಕೊಡುತ್ತೇವೆ ಅಂತಲೂ ನಿಮ್ಮ ಇಲಾಖೆ ಹೇಳಿದೆ.

ಆದರೆ ಇದೆಲ್ಲ ಜನರನ್ನು ಸಾಗಿಸುವ ಮುಂಚೆ ಆಗಬೇಕಿದ್ದ ಕೆಲಸ. ತಂತಿಗೆ ಬೇಕಾದ ದುಡ್ಡು, ಎಂಜಿನಿಯರ್‌ಗಳು, ತಂತ್ರಜ್ಞಾನ ಎಲ್ಲವೂ 2024ರಲ್ಲೂ ಈ ದೇಶದಲ್ಲಿ ಇತ್ತು. ಪರದೆ ಖಾಲಿಯಾದ ಮೇಲೆ ವಾರಗಳಲ್ಲಿ ಮಾಡಲು ಸಾಧ್ಯವಾದದ್ದನ್ನು ಮೊದಲೇ ಯಾಕೆ ಮಾಡಲಿಲ್ಲ? ಯಾರು ಬೇಡ ಅಂದರು? ಹಿಂದಿನವರ ತಪ್ಪು ಅಂತ ಹೇಳಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಇರುವ ಕಡತಗಳು ಈಗ ನಿಮ್ಮ ಕೈಯಲ್ಲೇ ಇವೆ.

ನಾನು ಇಷ್ಟು ಹಟ ಹಿಡಿದು ಕೇಳುವುದಕ್ಕೆ ಕಾರಣ ನಿಮ್ಮದೇ ಹೊಸ ಯೋಜನೆ. 2025ರ ಮೇ 8ರಂದು ನೀವು ಇಡೀ ದೇಶದ ವಿಮಾನ ಸಂಚಾರ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಯೋಜನೆ ಮುಂದಿಟ್ಟಿರಿ. 4,600 ಕಡೆ ಹೊಸ ಫೈಬರ್, ವೈರ್‌ಲೆಸ್ ಮತ್ತು ಉಪಗ್ರಹ ಸಂಪರ್ಕ, 618 ರೇಡಾರ್‌ಗಳ ಬದಲಾವಣೆ, 6 ಹೊಸ ಕಂಟ್ರೋಲ್ ಕೇಂದ್ರಗಳು. ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, 12.5 ಬಿಲಿಯನ್ ಡಾಲರ್ ಕೂಡ ಕೊಟ್ಟಿತು. ಹಳೆ ತಂತಿ ಹೋಗಿ ಹೊಸದು ಬರಲಿ, ನನಗೂ ಅದೇ ಬೇಕು. ಆದರೆ ಹೊಸ ಕೇಂದ್ರ ಅಂದರೆ ಹಳೆ ಕೇಂದ್ರದಿಂದ ಯಾರೋ ಎದ್ದು ಹೋಗಬೇಕು. ನೆವಾರ್ಕ್‌ನಲ್ಲಿ ಒಂದು ಕೋಣೆಯ ಒಂದು ಭಾಗವನ್ನು ಸಾಗಿಸಿದ್ದಕ್ಕೆ ಇಷ್ಟಾಯಿತು. ದೊಡ್ಡ ಕೇಂದ್ರಗಳನ್ನೇ ಸಾಗಿಸುವಾಗ ಏನಾಗಬಹುದು?

ಸಾಗಿಸುವ ಮುಂಚೆ ಅಪಾಯ ಏನು, ತಡೆ ಏನು ಅಂತ ಪರಿಶೀಲಿಸಬೇಕು ಅನ್ನುವುದು ಎಫ್‌ಎಎಯದ್ದೇ ನಿಯಮ. ನೆವಾರ್ಕ್‌ಗಾಗಿ ನಡೆದ ಆ ಪರಿಶೀಲನೆಯ ಕಾಗದಗಳನ್ನು ಪೂರ್ತಿ ಜನರ ಮುಂದಿಡಿ. ಲೈನ್ ಕೈಕೊಡಬಹುದು ಅಂತ ಯಾರು ಎಚ್ಚರಿಸಿದ್ದರು, ಅದಕ್ಕೆ ಯಾರು ಏನು ಬರೆದರು ಅನ್ನುವುದು ಓದಲು ಸಿಗಲಿ. ಭದ್ರತೆಗೆ ಸಂಬಂಧಿಸಿದ ವಿವರಗಳನ್ನು ಮುಚ್ಚಿಕೊಳ್ಳಿ, ತಕರಾರಿಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಜನರಲ್ ಈ ಸ್ಥಳಾಂತರದ ಬಗ್ಗೆ ಲೆಕ್ಕಪರಿಶೋಧನೆ ಕೈಗೆತ್ತಿಕೊಂಡಿದ್ದಾರೆ. ಅವರು ಹೇಳುವುದನ್ನು ಕಾರ್ಯರೂಪಕ್ಕೆ ತರುವ ತನಕ ಬೇರೆ ಯಾವ ಟ್ರೇಕಾನ್‌ನ ಜಾಗವನ್ನೂ ಬದಲಾಯಿಸಬೇಡಿ.

ಬದಲಾಯಿಸಲೇಬೇಕಾದಾಗ ಹೊಸ ಜಾಗದಲ್ಲಿ ರೇಡಾರ್ ಮಾಹಿತಿಯ ಸ್ವಂತ ಮೂಲ ಇರಲಿ. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಲೈನ್‌ಗಳಾದರೂ ಇರಲಿ. ಒಂದನ್ನು ಬೇಕೆಂದೇ ಕಿತ್ತು, ಇನ್ನೊಂದು ತಕ್ಷಣ ಹಿಡಿಯುತ್ತದೆ ಅಂತ ತೋರಿಸಿದ ಮೇಲೆಯೇ ಮೊದಲ ಕಂಟ್ರೋಲರ್ ಅಲ್ಲಿ ಕೂರಲಿ. ಆ ಪರೀಕ್ಷೆ ನಡೆಯುವಾಗ ಅವರ ಸಂಘದವರೂ ಜೊತೆಗಿರಲಿ, ಅವರ ಸಹಿ ಇಲ್ಲದೆ ಸಾಗಣೆ ಬೇಡ.

ಮತ್ತೆ, ಒಲ್ಲದವರನ್ನು ಆದೇಶ ಕೊಟ್ಟು ಕಳಿಸುವುದನ್ನು ನಿಲ್ಲಿಸಿ. ಫಿಲಡೆಲ್ಫಿಯಾಕ್ಕೆ ಹೋದವರಲ್ಲಿ ಕೆಲವರದ್ದು ಎರಡು ವರ್ಷದ ಮಟ್ಟಿನ ನಿಯೋಜನೆ. ಅವರು ವಾಪಸ್ ಹೊರಟರೆ ಆ ಜಾಗ ತುಂಬುವವರು ಯಾರು? ನೆವಾರ್ಕ್‌ನಂಥ ಆಕಾಶವನ್ನು ಕಲಿಯಲು ಬೇರೆ ಕಡೆ ಅನುಭವ ಇದ್ದವರಿಗೂ ತಿಂಗಳುಗಟ್ಟಲೆ ಬೇಕು. ಫಿಲಡೆಲ್ಫಿಯಾದಲ್ಲಿ ಪೂರ್ತಿ ತರಬೇತಿ ಮುಗಿಸಿದವರು ಎಷ್ಟು ಜನ, ಕಲಿಯುತ್ತಿರುವವರು ಎಷ್ಟು ಜನ ಅಂತ ಪ್ರತಿ ತಿಂಗಳೂ ಪ್ರಕಟಿಸಿ. ಗಂಟೆಗೆ ಎಷ್ಟು ವಿಮಾನ ಅನ್ನುವ ಮಿತಿಯನ್ನು ಆ ಸಂಖ್ಯೆ ನೋಡಿ ಏರಿಸಿ, ವಿಮಾನ ಕಂಪನಿಗಳ ಒತ್ತಡ ನೋಡಿ ಅಲ್ಲ.

ನಮ್ಮ ಊರಿನ ಹಿರಿಯರು ಇಲ್ಲಿಗೆ ಬರುವ ಟಿಕೆಟ್‌ಗಳನ್ನು ತಿಂಗಳುಗಳ ಮುಂಚೆ ಕೊಳ್ಳುತ್ತೇವೆ. ಯಾವ ನಿಲ್ದಾಣಕ್ಕೆ ಅಂತ ತೀರ್ಮಾನಿಸುವ ಮುಂಚೆ ನಿಮ್ಮ ಉತ್ತರ ಬರಲಿ ಅಂತ ಕೇಳುತ್ತಿದ್ದೇನೆ. ಬಂದರೆ ಅದನ್ನೂ ಕನ್ನಡಕ್ಕೆ ತಂದು ಎಲ್ಲರಿಗೂ ಓದಿಸುತ್ತೇನೆ.

ಇಂತಿ,
ನ್ಯೂಜೆರ್ಸಿಯ ಒಬ್ಬ ಕನ್ನಡಿಗ