ಮೂರು ನಾಲ್ಕರ ಪಟ್ಟೆ

ಪ್ರೀತಿಯ ಗೆಳೆಯಾ,

ಫೋಟೋ ಬಂತು. ನಿನ್ನ ಶಾಲು ಬಾಳೆಕಾಯಿಯ ಹಾಗೆ ಒಂದು ಪಕ್ಕಕ್ಕೆ ಬಾಗಿದೆ, ನಿಜ. "ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ, ಪೂರ್ತಿ ಬಿಚ್ಚಿಹಾಕಿಬಿಡಲಾ?" ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀಯ: ಯಾರಾದರೂ ಮನೆಗೆ ಬಂದರೆ ಕಡ್ಡಿ, ಉಂಡೆ ಎಲ್ಲ ದಿಂಬಿನ ಕೆಳಗೆ ಹೋಗುತ್ತವೆ ಅಂತ. ಎರಡಕ್ಕೂ ಉತ್ತರ ಬರೆಯುತ್ತೇನೆ. ಮೊದಲು ಶಾಲಿನ ವಿಷಯ.

ನಿನ್ನ ಹೆಣಿಗೆಯಲ್ಲಿ ತಪ್ಪಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ, ಬಣ್ಣ ಬದಲಿಸುವ ಅಂಚು ಮಾತ್ರ ಗಿಡ್ಡವಾಗಿದೆ, ಆಚೆಯ ಅಂಚು ಸರಿಯಾಗಿದೆ. ತೊಂದರೆ ಇರುವುದು ಕಾಯುತ್ತಾ ಕೂತ ದಾರದಲ್ಲಿ. ಬೂದು ಬಣ್ಣದಲ್ಲಿ ಎಂಟು ಸಾಲು ಹೆಣೆಯುವಷ್ಟು ಹೊತ್ತೂ ಮರೂನ್ ದಾರ ಅಂಚಿನಲ್ಲಿ ನೇತಾಡುತ್ತಿರುತ್ತದಲ್ಲ, ಅದನ್ನು ಮತ್ತೆ ಮೇಲಕ್ಕೆ ತರುವಾಗ ಕೈ ತಾನಾಗಿಯೇ ಬಿಗಿಯಾಗಿ ಎಳೆದುಬಿಡುತ್ತದೆ. ಒಂದೊಂದು ಪಟ್ಟೆಗೂ ಒಂದಿಷ್ಟು ಎಳೆತ ಸೇರುತ್ತಾ ಹೋಗಿ ಶಾಲು ಬಾಗುತ್ತದೆ. ನನಗೂ ಹೀಗೇ ಆಯಿತು. ಒಂದು ಅಂಚು 25 ಸೆಂಟಿಮೀಟರ್, ಇನ್ನೊಂದು 22. ತೊಳೆದು ಎಳೆದು ಒಣಗಿಸಿದರೆ ಸರಿಹೋದೀತು ಅಂತ ಎರಡು ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಬಿಗಿದ ದಾರ ನೀರಿಗೆ ಹಾಕಿದರೆ ಉದ್ದವಾಗುವುದಿಲ್ಲ. ಮೂರನೇ ದಿನ ಬಿಚ್ಚಿದೆ. 10,200 ಕುಣಿಕೆ. ಬಿಚ್ಚುವಾಗ ಆ ಸುರುಳಿಸುರುಳಿ ಉಣ್ಣೆ ಮಡಿಲಿಗೆ ಬೀಳುವುದನ್ನು ನೋಡಿ ನಿಜಕ್ಕೂ ಸಂಕಟವಾಯಿತು.

ಎರಡನೇ ಸಲ ಮಾಡಿದ್ದು ಇಷ್ಟೇ. ಎರಡೆರಡು ಸಾಲಿಗೊಮ್ಮೆ, ಅಂಚಿಗೆ ಬಂದಾಗ, ಹೆಣೆಯುತ್ತಿರುವ ದಾರವನ್ನು ಕಾಯುತ್ತಿರುವ ದಾರದ ಸುತ್ತ ಒಂದು ಸುತ್ತು ಹಾಯಿಸುವುದು. ಮರೂನ್ ಮತ್ತೆ ಎತ್ತಿಕೊಳ್ಳುವ ಮುಂಚೆ ಅಂಚನ್ನು ತೊಡೆಯ ಮೇಲೆ ಚಪ್ಪಟೆಯಾಗಿ ಹಾಸಿ, ಅಂಚು ಎಷ್ಟು ಉದ್ದವೋ ದಾರವನ್ನೂ ಅಷ್ಟು ಉದ್ದ ಬಿಟ್ಟು, ಆಮೇಲೆ ಮೊದಲ ಕುಣಿಕೆ ಹೆಣೆಯುವುದು. ನಿನ್ನದು ಇನ್ನೂ ಒಂದು ಗೇಣು ಆಗಿದೆ ಅಷ್ಟೆ. ಬಿಚ್ಚು. ಆದರೆ ಬಿಚ್ಚಿದ ಉಣ್ಣೆಯನ್ನು ಸಡಿಲವಾದ ಲಡಿಯಾಗಿ ಸುತ್ತಿ, ಹತ್ತಿಯ ದಾರದಲ್ಲಿ ಕಟ್ಟಿ, ಒದ್ದೆ ಮಾಡಿ, ನೆರಳಲ್ಲಿ ಒಣಗಿಸಿದ ಮೇಲೆ ಮತ್ತೆ ಹೆಣೆ. ಸುರುಳಿ ಬಿದ್ದ ದಾರದಲ್ಲೇ ಹೆಣೆದರೆ ಕುಣಿಕೆಗಳು ಒಂದು ದೊಡ್ಡದು ಒಂದು ಸಣ್ಣದು ಆಗುತ್ತವೆ.

ಪಟ್ಟೆಗಳ ಅಳತೆ ಎಲ್ಲಿಂದ ತಂದೆ ಅಂತ ಹೋದ ಸಲ ಕೇಳಿದ್ದೆ. ಫೋನಿನಲ್ಲಿ ಹೇಳುವುದು ಬೇಡ, ಬರೆದೇ ಹೇಳೋಣ ಅಂತ ಇಟ್ಟುಕೊಂಡಿದ್ದೆ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಲು ನಮ್ಮಿಬ್ಬರನ್ನು ಒಟ್ಟಿಗೇ ಬೋರ್ಡಿಗೆ ಕರೆಯುತ್ತಿದ್ದುದು ನೆನಪಿದೆಯಾ? ನೀನು ಲಘು ಗುರು ಗುರುತು ಹಾಕುತ್ತಿದ್ದೆ, ನಾನು ಗೆರೆ ಎಳೆದು ಗಣ ಬಿಡಿಸುತ್ತಿದ್ದೆ. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿ. ಮಳೆಗಾಲದಲ್ಲಿ ನಿಮ್ಮ ಜಗಲಿಯ ಮೇಲೆ ಭಾರತ ವಾಚನ ನಡೆಯುವಾಗ ಮೂಲೆಯಲ್ಲಿ ಕೂತು ಬೆರಳಲ್ಲಿ ಅದೇ ಲೆಕ್ಕ ಹಾಕುತ್ತಿದ್ದೆವು. ನನ್ನ ಶಾಲು ಆ ಷಟ್ಪದಿ ಕಣೋ. ಮೂರು ಪದ್ಯ.

ಹೇಗೆ ಅಂತ ಹೇಳುತ್ತೇನೆ. ಎರಡೂ ಕಡೆಯಿಂದ ಬರೀ ಸೀದಾ ಹೆಣೆದರೆ ಎರಡು ಸಾಲಿಗೊಂದು ಏಣು ಏಳುತ್ತದೆ, ಗದ್ದೆಯ ಬದುವಿನ ಹಾಗೆ. ನಾನು ಬದು ಅಂತಲೇ ಕರೆಯುತ್ತೇನೆ. ಒಂದು ಮಾತ್ರೆಗೆ ಒಂದು ಬದು. ಮೂರು ಮಾತ್ರೆಯ ಗಣ ಮರೂನ್, ನಾಲ್ಕು ಮಾತ್ರೆಯ ಗಣ ಬೂದು. ಒಂದು, ಎರಡು, ನಾಲ್ಕು, ಐದನೇ ಪಾದಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಪಾದಗಳು ಉದ್ದ, ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಇಪ್ಪತ್ತಮೂರು. ಆ ಗುರುವಿಗೆ ಎರಡು ಬದು ಬಿಳಿ. ಒಟ್ಟು 102 ಬದು. ನಾಲ್ಕು ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ ಹತ್ತು ಸೆಂಟಿಮೀಟರಿಗೆ ಇಪ್ಪತ್ತು ಕುಣಿಕೆ, ಇಪ್ಪತ್ತು ಬದು ಬರುತ್ತದೆ. ನೂರು ಕುಣಿಕೆ ಹಾಕಿಕೊಂಡರೆ ಅರ್ಧ ಮೀಟರ್ ಅಗಲ; ಒಂದು ಪದ್ಯಕ್ಕೆ 51 ಸೆಂಟಿಮೀಟರ್, ಮೂರು ಪದ್ಯಕ್ಕೆ ಒಂದೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಹೆಗಲ ಮೇಲೆ ಹೊದೆಯುವ ಶಾಲಿನ ಅಳತೆ ತಾನಾಗಿ ಬಂತು ನೋಡು.

ಮಾತ್ರೆಗೆ ಒಂದೇ ಸಾಲು ಸಾಕಲ್ಲ ಅನ್ನಬಹುದು. ಸಾಕಾಗುವುದಿಲ್ಲ. ಮೂರು ಸಾಲಿಗೆ ಬಣ್ಣ ಬದಲಿಸಿದರೆ ನಮಗೆ ಬೇಕಾದ ದಾರ ಆಚೆಯ ಅಂಚಿನಲ್ಲಿ ಉಳಿದಿರುತ್ತದೆ. ಸರಿಸಂಖ್ಯೆಯ ಸಾಲಾದರೆ ಎಲ್ಲ ದಾರಗಳೂ ಒಂದೇ ಕಡೆ ಸಿಗುತ್ತವೆ. ಬಣ್ಣವನ್ನು ಯಾವಾಗಲೂ ಮೇಲ್ಮೈಯಿಂದಲೇ ಬದಲಿಸು. ಆಗ ಆ ಕಡೆ ಗೆರೆ ಸ್ವಚ್ಛವಾಗಿ ಕಾಣುತ್ತದೆ, ಎರಡು ಬಣ್ಣದ ಚುಕ್ಕೆಗಳು ಹಿಂಭಾಗದಲ್ಲಿ ಕೂರುತ್ತವೆ.

ಅರ್ಧವಾಗಿದ್ದ ಮೊದಲ ಪದ್ಯ ಬಿಚ್ಚಿ ಮತ್ತೆ ಶುರು ಮಾಡುವಾಗ ಒಂದು ಕೊರತೆ ಕಂಡಿತು. ಗುರು ಬರುವ ಪಾದ ಎಲ್ಲಿ ಮುಗಿಯಿತು ಅಂತ ಬಿಳಿ ಪಟ್ಟೆ ಹೇಳುತ್ತದೆ, ಮಿಕ್ಕ ಪಾದಗಳು ಒಂದರೊಳಗೊಂದು ಸೇರಿಹೋಗುತ್ತವೆ. ಪದ್ಯ ಓದುವಾಗ ಪಾದ ಶುರುವಾದದ್ದು ಕಿವಿಗೆ ಹೇಗೆ ಗೊತ್ತಾಗುತ್ತದೆ? ಪ್ರಾಸದಿಂದ. ಎರಡನೇ ಅಕ್ಷರದಿಂದ. ಅದಕ್ಕೇ ಪ್ರತಿ ಪಾದದ ಎರಡನೇ ಬದುವನ್ನು ಅರಿಶಿನ ಬಣ್ಣದಲ್ಲಿ ಹೆಣೆದೆ, ಮೊದಲ ಅಕ್ಷರ ಲಘುವೇ ಇರುವ ಸಿಂಹಪ್ರಾಸ ಅಂದುಕೊ. ಮರೂನ್ ಪಟ್ಟೆಯ ನಟ್ಟನಡುವೆ ಒಂದೇ ಒಂದು ಹಳದಿ ಗೆರೆ. ಹದಿನೆಂಟು ಪಾದಕ್ಕೆ ಹದಿನೆಂಟು ಗೆರೆ. ಇದರಿಂದ ಕೆಲಸ ಹೆಚ್ಚಾಗುತ್ತದೆ. ಹಳದಿಯನ್ನೂ ಬಿಳಿಯನ್ನೂ ಅಷ್ಟು ದೂರ ಅಂಚಿನಲ್ಲಿ ಹೊತ್ತು ತರಲಾಗುವುದಿಲ್ಲ, ಕತ್ತರಿಸಲೇಬೇಕು. ಉಂಡೆ ಮುಗಿದು ಹೊಸದು ಸೇರಿಸಿದ್ದು ಬಿಟ್ಟು 52 ದಾರದ ತುದಿಗಳು. ಮೊಂಡು ಸೂಜಿಯಲ್ಲಿ, ಅದೇ ಬಣ್ಣದ ಬದುವಿನೊಳಗೆ ನಾಲ್ಕು ಬೆರಳು ಹೋಗಿ, ತಿರುಗಿ ಎರಡು ಬೆರಳು ವಾಪಸ್ ಬಂದರೆ ತುದಿ ಮತ್ತೆ ಹೊರಗೆ ಬರುವುದಿಲ್ಲ. ಒಂದೊಂದು ಪದ್ಯ ಮುಗಿದಾಗಲೇ ಆ ಕೆಲಸ ಮಾಡಿ ಮುಗಿಸು, ಕೊನೆಗೆ ಅಂತ ಗುಡ್ಡೆ ಹಾಕಬೇಡ.

ನೀನು ವಿಡಿಯೋದಲ್ಲಿ ನೋಡಿದ ಫಿಬೊನಾಚಿ ಪಟ್ಟೆಯೂ ಚೆನ್ನಾಗಿರುತ್ತದೆ. ಒಂದು, ಎರಡು, ಮೂರು, ಐದು, ಎಂಟು, ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಆದರೆ ಅದೂ ನಮ್ಮ ಛಂದಸ್ಸಿನ ಲೆಕ್ಕವೇ. ನಾಲ್ಕು ಮಾತ್ರೆಯನ್ನು ಲಘು ಗುರುಗಳಲ್ಲಿ ಎಷ್ಟು ಬಗೆಯಾಗಿ ತುಂಬಬಹುದು, ಬರೆದು ನೋಡು: ಐದು. ಐದು ಮಾತ್ರೆಯನ್ನು ಎಂಟು ಬಗೆ. ಇಟಲಿಯ ಗಣಿತಜ್ಞ ಫಿಬೊನಾಚಿಯ ಗ್ರಂಥ 1202ರದು. ಜೈನ ವಿದ್ವಾಂಸ ಹೇಮಚಂದ್ರ ಅದಕ್ಕೂ ಮುಂಚೆ, 12ನೇ ಶತಮಾನದಲ್ಲೇ, ಛಂದಸ್ಸಿನ ಲೆಕ್ಕವಾಗಿ ಇದನ್ನು ಹೇಳಿದ್ದಾನೆ.

ಈ ಪಟ್ಟೆ ಹಿಡಿದ ಮೇಲೆ ನನಗೆ ಸಾಲು ಎಣಿಸುವ ಚೀಟಿಯೇ ಬೇಕಾಗಿಲ್ಲ. ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು. ಬಾಯಿ ಅದನ್ನು ಹೇಳುತ್ತಿರುತ್ತದೆ, ಕೈ ನಡೆಯುತ್ತಿರುತ್ತದೆ. ನಡುವೆ ಹಾಲಿನವನು ಕರೆದರೂ, ಫೋನ್ ಬಂದರೂ, ಎದ್ದು ಹೋಗಿ ಬಂದು ಕೂತರೆ ಎಲ್ಲಿ ಬಿಟ್ಟಿದ್ದೆ ಅಂತ ಬಾಯಿಗೆ ಗೊತ್ತಿರುತ್ತದೆ. ಇದಕ್ಕೇ ಹೇಳುವುದು, ದಿಂಬಿನ ಕೆಳಗೆ ಮುಚ್ಚಿಡಬೇಡ. ಕದ ಹಾಕಿಕೊಂಡು, ಯಾರೋ ಬಂದಾರು ಅಂತ ಕಿವಿ ಬಾಗಿಲ ಕಡೆ ಇಟ್ಟು ಹೆಣೆದರೆ ತಾಳ ಎಲ್ಲಿ ನಿಲ್ಲುತ್ತದೆ?

ನನಗೆ ಹೆಣಿಗೆ ಕಲಿಸಿದ್ದು ಅಕ್ಕ. ಗಂಡುಹುಡುಗನಿಗೆ ಇದೆಲ್ಲ ಯಾಕೆ ಅಂತ ಅವಳು ಒಂದು ದಿನವೂ ಅನ್ನಲಿಲ್ಲ. ಪೆರುವಿನಲ್ಲಿ ಟಿಟಿಕಾಕಾ ಸರೋವರದ ನಡುವೆ ತಕೀಲೆ ಅಂತ ಒಂದು ದ್ವೀಪವಿದೆ, ಅಲ್ಲಿ ಕಡ್ಡಿಯಲ್ಲಿ ಟೋಪಿ ಹೆಣೆಯುವವರು ಗಂಡಸರು, ಹುಡುಗರಾಗಿದ್ದಾಗಲೇ ಕಲಿಯುತ್ತಾರೆ. ಅಲ್ಲಿನ ಬಟ್ಟೆ ಕಲೆಯನ್ನು 2005ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆ ಅಂತ ಘೋಷಿಸಿತು. ಅಷ್ಟು ದೂರ ಯಾಕೆ, ಚಳ್ಳಕೆರೆ ಕಡೆ ಕಂಬಳಿ ನೇಯುವವರಲ್ಲಿ ಗಂಡಸರಿಲ್ಲವಾ? ಅದು ಮಗ್ಗ, ಹಾಸು ಹೊಕ್ಕು ಎರಡು ದಾರದ ಕೆಲಸ. ನಮ್ಮದು ಒಂದೇ ದಾರ ಕುಣಿಕೆಯಿಂದ ಕುಣಿಕೆಗೆ ಹೋಗುವುದು. ಆದರೆ ಉಣ್ಣೆ ಉಣ್ಣೆಯೇ. ನಾಳೆ ಬೆಳಿಗ್ಗೆ ಜಗಲಿಗೆ ಕುರ್ಚಿ ಹಾಕಿಕೊಂಡು ಕೂರು. ಕೇಳಿದವರಿಗೆ ಶಾಲು ಹೆಣೀತಿದ್ದೀನಿ ಅಂತ ಹೇಳು.

ಈಗ ನನ್ನದೊಂದು ಕೋರಿಕೆ. ಅದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು.

ನಾನು ಉಣ್ಣೆಯನ್ನು ಕಣ್ಣಂದಾಜಿನಲ್ಲಿ ತಂದೆ, ತೂಗಲಿಲ್ಲ. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಬದು ಹೆಣೆಯುವ ಮುಂಚೆ ಒಮ್ಮೆ, ಹೆಣೆದ ಮೇಲೆ ಒಮ್ಮೆ ಉಂಡೆ ತೂಗಿದೆ. ಹದಿನೈದು ಗ್ರಾಂ ಹೋಗಿತ್ತು. ಅಂದರೆ ಬದುವಿಗೆ ಒಂದೂವರೆ ಗ್ರಾಂ. ಮೂರು ಪದ್ಯಕ್ಕೆ ಬೂದು 168 ಬದು, 252 ಗ್ರಾಂ ಬೇಕು. ನನ್ನ ಹತ್ತಿರ ಇದ್ದದ್ದು ನೂರು ಗ್ರಾಮಿನ ಎರಡೇ ಉಂಡೆ. ಮೂರನೇ ಪದ್ಯದ ಮೂರನೇ ಪಾದದಲ್ಲಿ, ಮೊದಲ ಮೂರು-ನಾಲ್ಕು ಮುಗಿಯುತ್ತಿದ್ದ ಹಾಗೆ ಬೂದು ಮುಗಿದುಹೋಯಿತು. ಶಿವಮೊಗ್ಗಕ್ಕೆ ಹೋಗಿ ಅದೇ ಬಣ್ಣದ ನಂಬರ್ ಹೇಳಿ ತಂದೆ. ಮನೆಗೆ ಬಂದು ಬಿಸಿಲಿಗೆ ಹಿಡಿದರೆ ಒಂದು ಛಾಯೆ ನೀಲಿ ಕಡೆಗಿದೆ. ಲೇಬಲ್ಲಿನಲ್ಲಿ ಲಾಟ್ ನಂಬರ್ ಬೇರೆ. ಒಂದು ಸಲ ಬಣ್ಣ ಅದ್ದಿದ ಹಾಗೆ ಇನ್ನೊಂದು ಸಲ ಬರುವುದಿಲ್ಲ.

ಬಿಳಿಯ ಗುರು ದಾಟಿದ ಮೇಲೆ ಹೊಸ ಬೂದು ಹಿಡಿದರೆ ಕಣ್ಣಿಗೆ ಹೊಡೆಯುವುದಿಲ್ಲ, ನಡುವೆ ಬಿಳಿ ಇರುತ್ತದೆ. ಆದರೆ ಗುರುವಿನ ತನಕ ಹೋಗಲು ಎರಡು ಗಣ ಬಾಕಿ. ಎಂಟು ಬದು, ಹನ್ನೆರಡು ಗ್ರಾಂ. ನಾವಿಬ್ಬರೂ ಒಂದೇ ದಿನ, ಒಂದೇ ಕಟ್ಟಿನಿಂದ ಬೂದು ತಗೊಂಡಿದ್ದೆವು, ನೀನು ಮೂರು ಉಂಡೆ ತಗೊಂಡಿದ್ದೆ. ನಿನ್ನ ಶಾಲಿಗೆ ಎಷ್ಟು ಬೇಕು ಅಂತ ಮೊದಲು ತೂಗಿ ನೋಡು. ಮಿಗುವುದಾದರೆ ಹದಿನೈದು ಗ್ರಾಂ ಅಂಗೈಗೆ ಸುತ್ತಿ, ಲೇಬಲ್ಲಿನ ಲಾಟ್ ನಂಬರ್ ಒಂದು ಚೀಟಿಯಲ್ಲಿ ಬರೆದು, ಮಾಮೂಲಿ ಅಂಚೆ ಕವರಿನಲ್ಲಿ ಹಾಕಿ ಕಳಿಸು. ಕಡ್ಡಿಯಲ್ಲಿ ನೂರು ಕುಣಿಕೆಗಳನ್ನು ಹಾಗೇ ಇಟ್ಟುಕೊಂಡು ಕಾಯುತ್ತಿದ್ದೇನೆ.

ಇಂತಿ ನಿನ್ನ ಗೆಳೆಯ
ತೀರ್ಥಹಳ್ಳಿ